ಹೊಟ್ಟೆಯ ಆಪರೇಷನ್ ಆದ ಮೇಲೆ ಅರೆತಲೆನೋವು: ಯಾವ ಮಾತ್ರೆ, ಎಷ್ಟು, ಯಾವಾಗ

ಮುಂಬಯಿಯಲ್ಲಿ ತಲೆನೋವಿನ ಮದ್ದಿಗೆ ಹುಡುಕಾಟವೇ ಬೇಡ. ಯಾವ ಸ್ಟೇಷನ್‌ನಲ್ಲಿ ಇಳಿದರೂ ಎದುರಿಗೊಂದು ಮೆಡಿಕಲ್. 'ಸರ್ ದರ್ದ್ ಕೀ ಗೋಲಿ ದೇನಾ' ಎಂದರೆ ಸ್ಟ್ರಿಪ್ ಕತ್ತರಿಸಿ ಎರಡು ಮಾತ್ರೆ ಕೈಗಿಡುತ್ತಾರೆ, ಮುಂದಿನ ಲೋಕಲ್ ಬರುವಷ್ಟರಲ್ಲಿ ನುಂಗಿಯೂ ಆಗಿರುತ್ತದೆ. ತೂಕ ಇಳಿಸುವ ಆಪರೇಷನ್ ಆದವರು ಎಡವುವುದು ಇಲ್ಲೇ. ಆ ಎರಡು ಮಾತ್ರೆ ಹೆಚ್ಚಿನ ಸಲ ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಕುಲದವು. ಹಳೆಯ ಹೊಟ್ಟೆ ಅವನ್ನು ಹೇಗೋ ತಾಳಿಕೊಂಡಿತ್ತು; ಹೊಸ ಹೊಟ್ಟೆಯಲ್ಲಿ ಅವು ಹುಣ್ಣು ಮಾಡುತ್ತವೆ.

ಅರೆತಲೆನೋವು ಹಿಡಿದಾಗ ಬೆಳಕು ಆಗದು, ವಾಸನೆ ಆಗದು, ಸಣ್ಣ ಅಕ್ಷರವಂತೂ ಓದಲಾಗದು. ಆ ಹೊತ್ತಿನಲ್ಲಿ ಸ್ಟ್ರಿಪ್ ತಿರುಗಿಸಿ ನೋಡಿ ಯೋಚಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ಹಾಗಾಗಿ ಏನು ನುಂಗಬೇಕು, ಎಷ್ಟು, ಎಷ್ಟು ಹೊತ್ತು ಬಿಟ್ಟು ಎಂಬುದನ್ನೆಲ್ಲ ತಲೆ ನೆಟ್ಟಗಿರುವ ದಿನವೇ ಬರೆದು, ಆಪರೇಷನ್ ಮಾಡಿದ ಸರ್ಜನ್‌ಗೂ ನ್ಯೂರಾಲಜಿಸ್ಟ್‌ಗೂ ತೋರಿಸಿ, ಪರ್ಸಿನಲ್ಲಿಟ್ಟುಕೊಳ್ಳಬೇಕು. ಇಲ್ಲಿ ಕೊಟ್ಟಿರುವ ಪ್ರಮಾಣಗಳು ಸಾಮಾನ್ಯ ವಯಸ್ಕರಿಗೆ ಕೊಡುವಂಥವು. ಹೃದಯ, ಕಿಡ್ನಿ, ಲಿವರ್ ತೊಂದರೆ ಇರುವವರ, ಬಸುರಿಯರ, ಹಾಲೂಡಿಸುವವರ ಲೆಕ್ಕ ಬೇರೆ. ಅವರು ತಮ್ಮ ವೈದ್ಯರನ್ನು ಕೇಳದೆ ಏನನ್ನೂ ಮುಟ್ಟಬಾರದು.

ಯಾವ ಆಪರೇಷನ್ ಆಗಿದೆ?

ಇದು ಗೊತ್ತಿಲ್ಲದೆ ಮುಂದಿನದ್ಯಾವುದನ್ನೂ ನಿರ್ಧರಿಸಲಾಗದು. ಡಿಸ್ಚಾರ್ಜ್ ಕಾಗದ ತೆಗೆದು ನೋಡಿ. ಸ್ಲೀವ್ ಆಗಿದ್ದರೆ ಹೊಟ್ಟೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದು ಬಾಳೆಹಣ್ಣಿನಾಕಾರದ ಕೊಳವೆಯೊಂದನ್ನು ಉಳಿಸಿರುತ್ತಾರೆ, ಕರುಳಿಗೆ ಕೈ ಹಚ್ಚಿರುವುದಿಲ್ಲ. ಬೈಪಾಸ್ ಆಗಿದ್ದರೆ ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರ ಸಣ್ಣ ಕರುಳಿಗೆ ಹೊಲಿದಿರುತ್ತಾರೆ. ಮಿನಿ ಬೈಪಾಸ್‌ನಲ್ಲಿ ಚೀಲ ಉದ್ದ, ಹೊಲಿಗೆ ಒಂದೇ.

ತೊಂದರೆ ಇರುವುದು ಆ ಹೊಲಿಗೆಯ ಜಾಗದಲ್ಲಿ. ಹೊಟ್ಟೆಯ ಒಳಪದರಕ್ಕೆ ಆಮ್ಲ ತಡೆಯುವ ಲೋಳೆಯ ಕವಚ ಇರುತ್ತದೆ. ಪಕ್ಕದಲ್ಲಿ ಹೊಲಿದ ಕರುಳಿಗೆ ಅಷ್ಟು ಗಟ್ಟಿ ಕವಚ ಇಲ್ಲ. ಐಬುಪ್ರೊಫೆನ್ ಕುಲದ ಮಾತ್ರೆಗಳು ಆ ಕವಚವನ್ನು ಕಾಯುವ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಹೊಲಿಗೆ ಅಂಚಿನಲ್ಲಿ ಹುಣ್ಣಾಗುತ್ತದೆ, ರಕ್ತ ಒಸರುತ್ತದೆ, ಕೆಲವರಿಗೆ ತೂತೇ ಬೀಳುತ್ತದೆ. ಬೀಡಿ ಸಿಗರೇಟು ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ಬೈಪಾಸ್ ಆದವರಿಗೆ ಈ ಕುಲದ ಮಾತ್ರೆ ಆಯುಷ್ಯಪೂರ್ತಿ ಬೇಡ. ಸ್ಲೀವ್ ಆದವರಿಗೆ ನಿಯಮ ಅಷ್ಟು ಕಟ್ಟುನಿಟ್ಟಲ್ಲ. ಸರ್ಜನ್ ಒಪ್ಪಿದರೆ, ಆಮ್ಲ ತಗ್ಗಿಸುವ ಮಾತ್ರೆಯ ರಕ್ಷಣೆಯಲ್ಲಿ, ಒಂದೆರಡು ದಿನಕ್ಕೆ ಕೊಡುವುದುಂಟು. ಆದರೆ ಅದು ಅವರು ಕೊಡಬೇಕಾದ ಅನುಮತಿ, ನೀವು ತೆಗೆದುಕೊಳ್ಳುವ ಸಲಿಗೆಯಲ್ಲ.

'ಇಂಜೆಕ್ಷನ್ ಹಾಕಿಸಿಕೊಂಡರೆ ಹೊಟ್ಟೆಗೆ ಹೋಗುವುದೇ ಇಲ್ಲವಲ್ಲ' ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ತಪ್ಪು ತಿಳಿವಳಿಕೆ. ಪ್ರೊಸ್ಟಗ್ಲಾಂಡಿನ್ ನಿಲ್ಲಿಸುವ ಕೆಲಸ ರಕ್ತದ ಮೂಲಕವೇ ನಡೆಯುತ್ತದೆ. ಸೊಂಟಕ್ಕೆ ಚುಚ್ಚಿದ ಡೈಕ್ಲೊಫೆನಾಕ್ ಕೂಡ ಅದೇ ಹುಣ್ಣು ಮಾಡಬಲ್ಲದು.

ಸ್ಟ್ರಿಪ್‌ನ ಬೆನ್ನು ಓದುವುದು

ಹೆಸರು ನಂಬಬೇಡಿ, ಬೆನ್ನು ಓದಿ. ಕಾಂಬಿಫ್ಲಾಮ್ ತಿರುಗಿಸಿದರೆ ಐಬುಪ್ರೊಫೆನ್ 400 ಎಂಜಿ, ಪ್ಯಾರಾಸಿಟಮಾಲ್ 325 ಎಂಜಿ ಎಂದಿದೆ; ಬೇಡ. ಸ್ಯಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್, ಕೆಫೀನ್ ಜೊತೆಗೆ ಪ್ರೊಪಿಫೆನಜೋನ್ ಇದೆ, ಅದೂ ಅದೇ ಕುಲ, ಬೇಡ. ಡಿಸ್ಪ್ರಿನ್ ಎಂದರೆ ಆಸ್ಪಿರಿನ್. ಅರೆತಲೆನೋವಿಗೆಂದೇ ಬಹಳ ಜನಕ್ಕೆ ಬರೆದುಕೊಡುವ ನ್ಯಾಕ್ಸ್‌ಡಾಮ್ 500 ಎಂದರೆ ನ್ಯಾಪ್ರೊಕ್ಸೆನ್ 500 ಎಂಜಿ, ಡಾಂಪೆರಿಡೋನ್ 10 ಎಂಜಿ. ಹಳೆಯ ಚೀಟಿ ಹಿಡಿದುಕೊಂಡು ಹೋಗಿ ಮತ್ತೆ ಇದನ್ನೇ ತರುವವರು ಬಹಳ. ತಿಂಗಳ ಮುಟ್ಟಿನ ಜೊತೆ ಅರೆತಲೆನೋವು ಬರುವ ಹೆಣ್ಣುಮಕ್ಕಳ ಬ್ಯಾಗಿನಲ್ಲಿ ಮೆಫ್ಟಾಲ್ ಸ್ಪಾಸ್ ಇದ್ದೇ ಇರುತ್ತದೆ. ಅದರಲ್ಲಿರುವುದು ಮೆಫೆನಾಮಿಕ್ ಆಸಿಡ್, ಅದೂ ಈ ಪಟ್ಟಿಗೇ ಸೇರಿದ್ದು. ಕೆಟೊರಾಲ್ ಡಿಟಿ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಆಪರೇಷನ್ ಆದವರಿಗೆಂದೇ ಮಾಡಿದಂತೆ ತೋರುತ್ತದೆ. ಒಳಗಿರುವುದು ಕೆಟೊರೊಲಾಕ್, ಈ ಕುಲದಲ್ಲೇ ಹೊಟ್ಟೆಗೆ ಬಲು ಒರಟು.

ಬಾಲಕ್ಷರಗಳೂ ಗೊಂದಲ ಮಾಡುತ್ತವೆ. ಹೆಸರಿನ ಕೊನೆಗೆ 'ಪಿ' ಇದ್ದರೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸೇರಿಸಿದೆ ಎಂದರ್ಥ. ಅಂದ ಮಾತ್ರಕ್ಕೆ ಅದು ಬರೀ ಪ್ಯಾರಾಸಿಟಮಾಲ್ ಅಲ್ಲ: ಝೆರೊಡಾಲ್ ಪಿ ಎಂದರೆ ಅಸೆಕ್ಲೊಫೆನಾಕ್ ಜೊತೆ ಪ್ಯಾರಾಸಿಟಮಾಲ್. 'ಎಸ್‌ಆರ್', 'ಸಿಆರ್', 'ಎಕ್ಸ್‌ಆರ್', 'ಇಆರ್', 'ಎಲ್‌ಎ' ಇದ್ದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಅದು ಹಲವು ಗಂಟೆ ಉದ್ದದ ಕರುಳಿನ ದಾರಿಯಲ್ಲಿ ಕರಗಲೆಂದು ಮಾಡಿದ್ದು. ಬೈಪಾಸ್‌ನಲ್ಲಿ ಆ ದಾರಿಯೇ ಗಿಡ್ಡವಾಗಿರುವುದರಿಂದ ಪೂರ್ತಿ ಮದ್ದು ಮೈಗೆ ಸೇರದೆ ಹೊರಗೆ ಹೋಗಬಹುದು. ಅರೆದರೆ ಇನ್ನೂ ಕೆಟ್ಟದ್ದು, ಇಡೀ ದಿನದ ಡೋಸ್ ಒಮ್ಮೆಗೇ ಏರುತ್ತದೆ. 'ಎಂಆರ್' ಎಂಬುದಂತೂ ಒಂದು ಕಂಪನಿಯಲ್ಲಿ ನಿಧಾನ ಬಿಡುಗಡೆ, ಇನ್ನೊಂದರಲ್ಲಿ ಸ್ನಾಯು ಸಡಿಲಿಸುವ ಮದ್ದು. ಬೆನ್ನು ಓದದೆ ಗತಿಯಿಲ್ಲ.

ಅದಕ್ಕೇ ಬಿಡಿ ಮಾತ್ರೆ ತರಬೇಡಿ. ಕತ್ತರಿಸಿಕೊಟ್ಟ ಎರಡು ಗುಳಿಯ ತುಂಡಿನಲ್ಲಿ ಹೆಸರಿನ ಅರ್ಧ ಮಾತ್ರ ಉಳಿದಿರುತ್ತದೆ, ಒಳಗಿನ ಅಂಶ, ಅವಧಿ ಮುಗಿಯುವ ತಾರೀಖು ಎರಡೂ ಇನ್ನೊಬ್ಬರ ತುಂಡಿಗೆ ಹೋಗಿರುತ್ತವೆ. ಇಡೀ ಸ್ಟ್ರಿಪ್ ಕೇಳಿ. ಮನೆಗೆ ತಂದ ಮೇಲೆ, ಬೇಡವಾದ ಹಳೆಯವನ್ನು ಡಬ್ಬಿಯಿಂದ ತೆಗೆದೇ ಬಿಡಿ. ಕತ್ತಲೆ ಕೋಣೆಯಲ್ಲಿ ಕೈಗೆ ಮೊದಲು ಸಿಗುವುದು ಅವೇ.

ಆಪರೇಷನ್ ಆದ ಮೊದಲ ಕೆಲವು ವಾರ ದೊಡ್ಡ ಮಾತ್ರೆ ಇಡಿಯಾಗಿ ನುಂಗುವುದೂ ಕಷ್ಟ, ಚೀಲದ ಬಾಯಿಗೆ ಸಿಕ್ಕಿಕೊಳ್ಳಬಹುದು. ಸಾದಾ ಮಾತ್ರೆಯಾದರೆ ಎರಡು ಸ್ಟೀಲ್ ಚಮಚಗಳ ನಡುವೆ ಇಟ್ಟು ಒತ್ತಿ ಪುಡಿ ಮಾಡಿ, ಒಂದು ಚಮಚ ಮೊಸರಿನಲ್ಲಿ ಕಲಸಿ ತೆಗೆದುಕೊಳ್ಳಬಹುದು. ಕಹಿ ಇರುತ್ತದೆ, ತಾಳಿಕೊಳ್ಳಬೇಕು. ಪ್ಯಾರಾಸಿಟಮಾಲ್ ಸಿರಪ್ ತರುವುದಾದರೆ ಬಾಟಲಿಯ ಮೇಲೆ 5 ಎಂಎಲ್‌ಗೆ ಎಷ್ಟು ಎಂಜಿ ಎಂದು ನೋಡಿ. 250 ಎಂಜಿ ಇದ್ದರೆ 500 ಎಂಜಿಗೆ 10 ಎಂಎಲ್ ಸಾಕು. ಸಣ್ಣ ಮಕ್ಕಳ 125 ಎಂಜಿ ಬಾಟಲಿಯಾದರೆ 20 ಎಂಎಲ್ ಬೇಕು, ಅಷ್ಟೂ ಸಕ್ಕರೆ ಪಾಕ. ಬೈಪಾಸ್ ಆದವರಿಗೆ ಆ ಸಕ್ಕರೆಯೇ ಬೆವರು, ಎದೆಬಡಿತ, ಭೇದಿ ತರಬಹುದು.

ನೋವು ಶುರುವಾದ ಮೊದಲ ಗಂಟೆ

ಅರೆತಲೆನೋವಿನಲ್ಲಿ ತಡಮಾಡಿದಷ್ಟೂ ಮಾತ್ರೆಯ ಗುಣ ಕಡಿಮೆ. 'ಸ್ವಲ್ಪ ನೋಡೋಣ, ತಾನೇ ಇಳಿದೀತು' ಎಂದು ದಾದರ್‌ನಿಂದ ಠಾಣೆಯವರೆಗೆ ತಾಳಿಕೊಂಡರೆ, ಮನೆ ಮುಟ್ಟುವಾಗ ವಾಂತಿ ಶುರುವಾಗಿರುತ್ತದೆ, ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನೋವು ಸಣ್ಣದಿರುವಾಗಲೇ ತೆಗೆದುಕೊಳ್ಳಿ.

ಮೊದಲು ಎರಡು ಮೂರು ಗುಟುಕು ನೀರು, ಒಮ್ಮೆಗೇ ಲೋಟ ಬರಿದು ಮಾಡಬೇಡಿ. ಬೈಪಾಸ್ ಆಗಿ ವರ್ಷ ಕಳೆದಿದ್ದು, ಊಟವಾಗಿ 1ರಿಂದ 3 ಗಂಟೆಯಾಗಿದ್ದರೆ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡಿ, ಕಾರಣ ಮುಂದೆ ಹೇಳಿದೆ.

ಹಗುರ ನೋವಿಗೆ ಪ್ಯಾರಾಸಿಟಮಾಲ್: 650 ಎಂಜಿಯದು ಒಂದು, ಇಲ್ಲವೇ 500 ಎಂಜಿಯವು ಎರಡು. 650ರವನ್ನು ಎರಡು ನುಂಗುವ ಚಾಳಿ ಬಿಡಿ, ಒಂದು ಸಲಕ್ಕೆ 1000 ಎಂಜಿ ಮೀರಬಾರದು. ಮುಂದಿನದಕ್ಕೆ 6 ಗಂಟೆ ಅಂತರ. ದಿನಕ್ಕೆ 3000 ಎಂಜಿ ಒಳಗೆ ನಿಲ್ಲಿಸುವುದು ಕ್ಷೇಮ. ಕೊಬ್ಬಿನ ಲಿವರ್ ಇದ್ದವರು, ಮದ್ಯ ಕುಡಿಯುವವರು, ತೂಕ 50 ಕೆಜಿಗಿಂತ ಕೆಳಗೆ ಇಳಿದವರು ಇನ್ನೂ ಕಡಿಮೆ ಮಾಡಬೇಕು. ಆಪರೇಷನ್ ಮುಂಚಿನ 110 ಕೆಜಿಯ ಡೋಸನ್ನೇ 60 ಕೆಜಿಯಾದ ಮೇಲೂ ಮುಂದುವರಿಸುವುದು ಸರಿಯಲ್ಲ. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಇದು ನಿಮ್ಮ ಮಾಮೂಲಿ ಅರೆತಲೆನೋವೇ, ಪ್ಯಾರಾಸಿಟಮಾಲ್‌ಗೆ ಜಗ್ಗುವುದಿಲ್ಲ ಎಂದು ಅನುಭವದಿಂದ ಗೊತ್ತಿದ್ದರೆ ನೇರವಾಗಿ ಟ್ರಿಪ್ಟಾನ್‌ಗೆ, ಅಂದರೆ ಅರೆತಲೆನೋವಿಗೆಂದೇ ಇರುವ ಸುಮಾಟ್ರಿಪ್ಟಾನ್, ರಿಝಾಟ್ರಿಪ್ಟಾನ್ ಕುಲದ ಮದ್ದಿಗೆ ಹೋಗಿ. ಹೊಟ್ಟೆಯ ಆಪರೇಷನ್ ಆದವರಿಗೆ ಅರೆತಲೆನೋವಿನ ಮುಖ್ಯ ಆಸರೆ ಇದೇ: ಇದು ನೋವುನಿವಾರಕ ಕುಲದ್ದಲ್ಲ, ಹೊಲಿಗೆಯ ಹುಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಚೀಟಿ ಇಲ್ಲದೆ ತೆಗೆದುಕೊಳ್ಳುವಂಥದ್ದೂ ಅಲ್ಲ. ಸುಮಾಟ್ರಿಪ್ಟಾನ್ 50 ಎಂಜಿ ಒಂದು. ನೋವು ಇಳಿದು ಮತ್ತೆ ಏರಿದರೆ 2 ಗಂಟೆ ಬಿಟ್ಟು ಇನ್ನೊಂದು. ದಿನಕ್ಕೆ 200 ಎಂಜಿ ಗರಿಷ್ಠ. ಮೊದಲನೆಯದರಿಂದ ಏನೂ ಆಗಲಿಲ್ಲವಾದರೆ ಅದೇ ಆಕ್ರಮಣಕ್ಕೆ ಎರಡನೆಯದು ನುಂಗಿ ಉಪಯೋಗವಿಲ್ಲ. ರಿಝಾಟ್ರಿಪ್ಟಾನ್ 10 ಎಂಜಿ, 24 ಗಂಟೆಯಲ್ಲಿ ಎರಡಕ್ಕೆ ನಿಲ್ಲಿಸಿ. ನೋವು ಬಾರದಂತೆ ದಿನವೂ ನುಂಗುವ ತಡೆ ಮದ್ದಾಗಿ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಿದ್ದರೆ ರಿಝಾಟ್ರಿಪ್ಟಾನ್ 5 ಎಂಜಿಗೆ ಇಳಿಸಬೇಕು, ಏಕೆಂದರೆ ಪ್ರೊಪ್ರನೊಲಾಲ್ ಅದನ್ನು ರಕ್ತದಲ್ಲಿ ಏರಿಸುತ್ತದೆ. ಈ ಎರಡೂ ಬೇರೆ ಬೇರೆ ವೈದ್ಯರ ಚೀಟಿಯಿಂದ ಬಂದಿರುತ್ತವೆ, ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ.

ಬಾಯಲ್ಲಿ ಕರಗುವ ರಿಝಾಟ್ರಿಪ್ಟಾನ್ ಬಗ್ಗೆ ಒಂದು ಮಾತು. ನಾಲಗೆಯ ಮೇಲೆ ಕರಗಿದ ಮಾತ್ರಕ್ಕೆ ಅದು ಅಲ್ಲಿಂದಲೇ ರಕ್ತ ಸೇರುವುದಿಲ್ಲ. ಎಂಜಲಿನ ಜೊತೆ ಕೆಳಗಿಳಿದು ಕರುಳಿನಲ್ಲೇ ಹೀರಿಕೆಯಾಗಬೇಕು. ನೀರು ಬೇಡ, ಗಂಟಲಿಗೆ ಸಿಕ್ಕದು, ಅಷ್ಟೇ ಲಾಭ. ಕರುಳನ್ನೇ ದಾಟಿಹೋಗುವ ದಾರಿ ಬೇಕಿದ್ದರೆ ಸುಮಾಟ್ರಿಪ್ಟಾನ್‌ನ ಮೂಗಿನ ಸ್ಪ್ರೇ 20 ಎಂಜಿ, ಅಥವಾ ಚರ್ಮದಡಿಯ ಇಂಜೆಕ್ಷನ್ 6 ಎಂಜಿ. ವಾಂತಿ ಮೊದಲೇ ಶುರುವಾಗುವವರಿಗೂ, ಮಾತ್ರೆ ಒಂದು ಸಲ ಹತ್ತಿ ಒಂದು ಸಲ ಹತ್ತದ ಬೈಪಾಸ್‌ನವರಿಗೂ ಇವೇ ವಾಸಿ. ಎಲ್ಲ ಮೆಡಿಕಲ್‌ನಲ್ಲೂ ಇಟ್ಟಿರುವುದಿಲ್ಲ, ಮುಂಚಿತವಾಗಿ ಹೇಳಿ ತರಿಸಿಡಿ. ಮಳೆಗಾಲದಲ್ಲಿ ಬಾಯಲ್ಲಿ ಕರಗುವ ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಿಟ್ಟರೆ ಜುಲೈ ಮುಗಿಯುವಷ್ಟರಲ್ಲಿ ಹಿಟ್ಟಾಗಿರುತ್ತದೆ. ಬಳಸುವ ಹೊತ್ತಿಗೆ, ಒಣ ಕೈಯಲ್ಲಿ ಬಿಡಿಸಿ.

ಹೃದಯಾಘಾತ, ಪಾರ್ಶ್ವವಾಯು ಆಗಿದ್ದವರಿಗೆ, ಹತೋಟಿಯಲ್ಲಿಲ್ಲದ ಬಿಪಿ ಇದ್ದವರಿಗೆ ಟ್ರಿಪ್ಟಾನ್ ಸಲ್ಲದು. ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುವವರು ಅದು ಕಾಣುವಾಗಲ್ಲ, ನೋವು ಶುರುವಾದಾಗ ತೆಗೆದುಕೊಳ್ಳಬೇಕು. ಮತ್ತೊಂದು: ಹಳೆಯ ಕಾಲದಿಂದ ಮನೆಮನೆಯಲ್ಲಿರುವ ವ್ಯಾಸೊಗ್ರೇನ್‌ನಲ್ಲಿ ಎರ್ಗೊಟಮಿನ್ ಇದೆ. ಅದನ್ನು ನುಂಗಿ 24 ಗಂಟೆಯೊಳಗೆ ಟ್ರಿಪ್ಟಾನ್ ಮುಟ್ಟಬಾರದು, ಎರಡೂ ರಕ್ತನಾಳವನ್ನು ಹಿಂಡುತ್ತವೆ. ಟ್ರಿಪ್ಟಾನ್ ಆಗದವರಿಗೆ ರಿಮೆಜೆಪಾಂಟ್ 75 ಎಂಜಿ ಎಂಬ ಹೊಸ ಮಾತ್ರೆ ಇದೆ, ದಿನಕ್ಕೆ ಒಂದೇ. ಬೆಲೆ ಕೇಳಿ ಇನ್ನೊಂದು ತಲೆನೋವು ಬಂದರೆ ಅದಕ್ಕೆ ಇಲ್ಲಿ ಮದ್ದಿಲ್ಲ.

ವಾಂತಿ ಎಂಬುದನ್ನು ಹಗುರವಾಗಿ ಕಾಣಬೇಡಿ

ನಮ್ಮ ಕಡೆ ಅರೆತಲೆನೋವಿಗೆ 'ಪಿತ್ತ ಏರಿದೆ' ಎನ್ನುತ್ತಾರೆ. ಬೆರಳು ಹಾಕಿ ಕಾರಿಕೊಂಡರೆ ಪಿತ್ತ ಇಳಿದು ತಲೆ ಹಗುರಾಗುತ್ತದೆ ಎಂಬ ನಂಬಿಕೆ ಊರಿನಿಂದ ಮುಂಬಯಿಗೂ ಬಂದಿದೆ. ವಾಂತಿಯಾದ ಮೇಲೆ ಕೆಲವರಿಗೆ ನೋವು ಇಳಿಯುವುದು ನಿಜ. ಆದರೆ ಆಪರೇಷನ್ ಆದ ಹೊಟ್ಟೆಯ ಮೇಲೆ ಇದನ್ನು ಮಾಡುವುದು ಹೊಲಿಗೆಗೆ ಎಳೆತ, ಮೈಗೆ ನೀರಿನ ಕೊರತೆ, ಅದರ ಹಿಂದೆಯೇ ಇನ್ನಷ್ಟು ತಲೆನೋವು.

ವಾಂತಿ ನಿಲ್ಲಿಸಲು ಒಂಡಾನ್ಸೆಟ್ರಾನ್ 4 ಎಂಜಿ ಬಾಯಲ್ಲಿ ಕರಗುವುದು ಅನುಕೂಲ. ಟ್ರಿಪ್ಟಾನ್‌ಗೆ 15 ನಿಮಿಷ ಮುಂಚೆ ತೆಗೆದುಕೊಂಡರೆ ಆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತದೆ. ಇದು ಮಲ ಕಟ್ಟಿಸುತ್ತದೆ, ಕೆಲವರಿಗೆ ಇದೇ ತಲೆನೋವು ತರುವುದೂ ಉಂಟು, ಹಾಗಾಗಿ ದಿನಗಟ್ಟಲೆ ಬೇಡ. ಹೃದಯದ ಬಡಿತದ ತೊಂದರೆ ಇದ್ದವರು ಕೇಳಿ ತೆಗೆದುಕೊಳ್ಳಿ.

ಇನ್ನು ಎಲ್ಲರೂ ನೆನಪಿಡಬೇಕಾದ ಸಂಗತಿ ಥಯಮಿನ್. ಬಿ1 ಎಂಬ ಈ ವಿಟಮಿನ್‌ನ ದಾಸ್ತಾನು ಮೈಯಲ್ಲಿ ಎರಡು ಮೂರು ವಾರಕ್ಕಷ್ಟೇ ಸಾಲುತ್ತದೆ. ಆಪರೇಷನ್ ಆದ ಮೊದಲ ಮೂರು ತಿಂಗಳು ಊಟ ಅರೆಬರೆ, ಮೇಲೆ ವಾಂತಿ, ದಾಸ್ತಾನು ಖಾಲಿಯಾಗುತ್ತದೆ. ಆಗ ಕಣ್ಣು ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಮಾತಿನಲ್ಲಿ ಗೊಂದಲ ಶುರುವಾಗಬಹುದು. ಅರೆತಲೆನೋವಿನ ಮಂಪರು ಎಂದು ಮನೆಯವರು ತಪ್ಪು ತಿಳಿದು ಮಲಗಿಸುತ್ತಾರೆ. ಮಿದುಳಿಗೆ ಶಾಶ್ವತ ಹಾನಿಯಾಗುವ ಸ್ಥಿತಿ ಇದು. ವಾಂತಿ ನಿಲ್ಲದೆ ನರ್ಸಿಂಗ್ ಹೋಮ್‌ಗೆ ಹೋದರೆ ಅಲ್ಲಿ ಮೊದಲು ಏರಿಸುವುದೇ ಗ್ಲುಕೋಸ್ ಬಾಟಲಿ, ಮತ್ತು ಥಯಮಿನ್ ಇಲ್ಲದ ಮೈಗೆ ಬರೀ ಗ್ಲುಕೋಸ್ ಹೋದರೆ ಉಳಿದಷ್ಟೂ ಥಯಮಿನ್ ಖರ್ಚಾಗಿ ಸ್ಥಿತಿ ಬಿಗಡಾಯಿಸುತ್ತದೆ. 'ಬೇರಿಯಾಟ್ರಿಕ್ ಸರ್ಜರಿ ಆಗಿದೆ, ಇಷ್ಟು ದಿನದಿಂದ ವಾಂತಿ, ಗ್ಲುಕೋಸ್ ಹಾಕುವ ಮುಂಚೆ ಥಯಮಿನ್ ಇಂಜೆಕ್ಷನ್ ಕೊಡಿ' ಎಂದು ಜೊತೆಗಿರುವವರು ಬಾಯಿಬಿಟ್ಟು ಹೇಳಬೇಕು.

ತಲೆನೋವು ಬರುವ ಹೊಸ ದಾರಿಗಳು

ತೂಕ ಇಳಿದ ಮೇಲೆ ಹಲವರಿಗೆ ಅರೆತಲೆನೋವಿನ ದಿನಗಳು ಕಡಿಮೆಯಾಗುತ್ತವೆ. ಹೆಚ್ಚಾದರೆ ಮಾತ್ರೆ ಬದಲಿಸುವ ಮುನ್ನ ಕಾರಣ ಹುಡುಕಿ.

ನೀರು ಮೊದಲನೆಯದು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು, ಆದರೆ ಒಮ್ಮೆಗೆ ಹಿಡಿಯುವುದು ಗುಟುಕು ಮಾತ್ರ, ಊಟದ ಜೊತೆ ಕುಡಿಯುವಂತಿಲ್ಲ, ಊಟವಾಗಿ ಅರ್ಧ ಗಂಟೆ ಬಿಡಬೇಕು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗಿಬರುವ ಹೆಣ್ಣುಮಕ್ಕಳು ದಾರಿಯಲ್ಲಿ ಶೌಚಾಲಯದ ತಾಪತ್ರಯ ನೆನೆದು ಬೆಳಿಗ್ಗೆ ನೀರೇ ಮುಟ್ಟುವುದಿಲ್ಲ. ಸಂಜೆ ಐದಕ್ಕೆ ತಲೆ ಸಿಡಿಯುವುದು ಇದರ ಫಲ. ಹೊರಡುವ ಒಂದೂವರೆ ಗಂಟೆ ಮುಂಚೆ 200 ಎಂಎಲ್ ಮುಗಿಸಿ, ಆಫೀಸು ಮುಟ್ಟಿದ ಕೂಡಲೇ ಶುರುಮಾಡಿ ಗಂಟೆಗೆ 150 ಎಂಎಲ್‌ನಂತೆ ಗುಟುಕರಿಸಿದರೆ ಲೆಕ್ಕ ಸರಿಹೋಗುತ್ತದೆ. ಉಪ್ಪು ಹಾಕಿದ ನೀರು ಮಜ್ಜಿಗೆಯೂ ಲೆಕ್ಕಕ್ಕೆ ಬರುತ್ತದೆ.

ಕಾಫಿ ಎರಡನೆಯದು. ದಿನಕ್ಕೆ ನಾಲ್ಕು ಫಿಲ್ಟರ್ ಕಾಫಿ, ನಡುವೆ ಎರಡು ಕಟಿಂಗ್ ಚಾ ಕುಡಿಯುವವರು ಆಪರೇಷನ್ ದಿನ ಏಕಾಏಕಿ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು ಬಂದು ವಾರದವರೆಗೂ ಕಾಡಬಹುದು. ತಾರೀಖು ಗೊತ್ತಾದ ದಿನದಿಂದಲೇ ಮೂರು ದಿನಕ್ಕೊಮ್ಮೆ ಒಂದೊಂದು ಲೋಟ ಕಡಿಮೆ ಮಾಡುತ್ತ ಬನ್ನಿ.

ಮೂರನೆಯದು ಸಕ್ಕರೆ ಕುಸಿತ. ಬೈಪಾಸ್ ಆದವರಲ್ಲಿ ಸಿಹಿ, ಮೈದಾ, ಸಾಬುದಾಣೆ ಸರ್ರನೆ ಕರುಳಿಗಿಳಿದು ರಕ್ತದ ಸಕ್ಕರೆ ಏರುತ್ತದೆ, ಇನ್ಸುಲಿನ್ ಅತಿಯಾಗಿ ಸುರಿದು 1ರಿಂದ 3 ಗಂಟೆಯೊಳಗೆ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ತಲೆನೋವು. ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಟ್ರಿಪ್ಟಾನ್ ಕೆಲಸಕ್ಕೆ ಬಾರದು: ಮೂರು ಚಮಚ ಗ್ಲುಕೋಸ್ ಪುಡಿ ನೀರಿಗೆ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಒಂದು ಹಿಡಿ ಹುರಿದ ಕಡಲೆ ಅಥವಾ ಪನೀರ್ ತಿನ್ನಿ, ಇಲ್ಲದಿದ್ದರೆ ಮತ್ತೆ ಕುಸಿಯುತ್ತದೆ. ಸಂಕಷ್ಟಿಯ ದಿನ ಚಂದ್ರ ಕಾಣುವವರೆಗೆ ಉಪವಾಸ, ಆಮೇಲೆ ಸಾಬುದಾಣೆ ಖಿಚಡಿ, ಬೆಲ್ಲದ ಮೋದಕ: ಅರೆತಲೆನೋವಿಗೂ ಬೈಪಾಸ್‌ಗೂ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಗಣಪತಿ ಕ್ಷಮಿಸುತ್ತಾನೆ, ಕರುಳು ಕ್ಷಮಿಸುವುದಿಲ್ಲ.

ಕಬ್ಬಿಣ, ಬಿ12 ಕೊರತೆಯಿಂದ ರಕ್ತ ಕಡಿಮೆಯಾದರೂ ತಲೆ ನೋಯುತ್ತದೆ. 3, 6, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ 2 ಗಂಟೆ ಅಂತರ ಇರಲಿ, ಕಬ್ಬಿಣವನ್ನು ಚಹಾದ ಜೊತೆ ನುಂಗಬೇಡಿ. ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ. ಹಳೆಯ ಬಿಪಿ ಮಾತ್ರೆ ಅಷ್ಟೇ ಮುಂದುವರಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ, ತಲೆಭಾರ. ಗೊರಕೆಗೆ ಸಿಪ್ಯಾಪ್ ಯಂತ್ರ ಹಾಕುವವರು ಅದರ ಒತ್ತಡವನ್ನೂ ಮರುಹೊಂದಿಸಿಕೊಳ್ಳಬೇಕು.

ದಿನವೂ ತೆಗೆದುಕೊಳ್ಳುವ ತಡೆ ಮದ್ದು

ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ದಿನ ಕೆಲಸ ಕೆಡಿಸುವಷ್ಟು ನೋವಿದ್ದರೆ ತಡೆ ಮದ್ದಿನ ಮಾತು ಎತ್ತಿ. ಯಾವುದಾದರೂ ಗುಣ ತೋರಲು 8ರಿಂದ 12 ವಾರ ಬೇಕು, ಎರಡೇ ವಾರಕ್ಕೆ ಬಿಟ್ಟುಬಿಡಬೇಡಿ.

ಇಲ್ಲಿ ಆಯ್ಕೆ ತೂಕದ ಸುತ್ತ ತಿರುಗುತ್ತದೆ. ಬಹಳ ಕಡೆ ಮೊದಲು ಬರೆಯುವ ಫ್ಲುನರಿಝಿನ್ ಹಸಿವೆ, ತೂಕ, ನಿದ್ದೆ ಮೂರನ್ನೂ ಹೆಚ್ಚಿಸುತ್ತದೆ, ಕೆಲವರ ಮನಸ್ಸನ್ನೂ ಕುಗ್ಗಿಸುತ್ತದೆ. ಅಮಿಟ್ರಿಪ್ಟಿಲಿನ್ ರಾತ್ರಿ 10 ಎಂಜಿ ನಿದ್ದೆಗೆ ಒಳ್ಳೆಯದು, ತೂಕಕ್ಕೂ ಮಲಬದ್ಧತೆಗೂ ಒಳ್ಳೆಯದಲ್ಲ. ವಾಲ್ಪ್ರೊಯೇಟ್ ತೂಕ ಏರಿಸಿ ಕೂದಲು ಉದುರಿಸುತ್ತದೆ. ಆಪರೇಷನ್ ಆದ ಮೇಲೆ ಹೇಗೂ ಕೂದಲು ಉದುರುವ ಕಾಲ. ಮಗುವಾಗುವ ವಯಸ್ಸಿನ ಹೆಣ್ಣುಮಕ್ಕಳಿಗಂತೂ ಅದು ಬೇಡವೇ ಬೇಡ, ಗರ್ಭದ ಶಿಶುವಿಗೆ ಅಂಗವೈಕಲ್ಯ ತರುತ್ತದೆ.

ಟೊಪಿರಮೇಟ್ ತೂಕ ಇಳಿಸುತ್ತದೆ, ಹಾಗಾಗಿ ಕೇಳಿ ಬರೆಸಿಕೊಳ್ಳುವವರೇ ಇದ್ದಾರೆ. ಈ ಆಸೆ ಅಪಾಯದ್ದು. ಬೈಪಾಸ್ ಆದವರ ಮೂತ್ರದಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಮೊದಲೇ ಕಿಡ್ನಿ ಕಲ್ಲಿನ ಸಾಧ್ಯತೆ ಜಾಸ್ತಿ, ಟೊಪಿರಮೇಟ್ ತಾನೂ ಕಲ್ಲು ಕಟ್ಟಿಸುತ್ತದೆ, ನೀರು ಕುಡಿಯಲು ಹೊಟ್ಟೆಯಲ್ಲಿ ಜಾಗವಿಲ್ಲ. ಮೂರೂ ಕೂಡಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಹಸಿವೆ ಇನ್ನೂ ಕುಗ್ಗಿ ಪ್ರೋಟೀನ್ ಒಳಹೋಗುವುದಿಲ್ಲ. ಕಲ್ಲಿನ ಇತಿಹಾಸವಿಲ್ಲದ ಸ್ಲೀವ್‌ನವರಿಗೆ, ರಾತ್ರಿ 25 ಎಂಜಿಯಿಂದ ಶುರುಮಾಡಿ ವಾರಕ್ಕೆ 25ರಂತೆ ಏರಿಸುತ್ತ ದಿನಕ್ಕೆ 100ಕ್ಕೆ ತಂದು, ರಕ್ತದ ಬೈಕಾರ್ಬೊನೇಟ್ (ರಕ್ತ ಹುಳಿಯಾಗಿದೆಯೇ ಎಂದು ತಿಳಿಸುವ ಅಂಶ) ನೋಡುತ್ತಿದ್ದರೆ ನಡೆಯುತ್ತದೆ. ಬೆರಳ ತುದಿ ಜುಮ್ಮೆನ್ನುವುದು, ಬಾಯಿಗೆ ಬರಬೇಕಾದ ಮಾತು ಹೊಳೆಯದಿರುವುದು ಇದರದೇ ಕಿತಾಪತಿ. ಕಣ್ಣು ದಿಢೀರ್ ನೋವಾಗಿ ಮಂಜಾದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಓಡಬೇಕು. ಇದೂ ಗರ್ಭಕ್ಕೆ ಹಾನಿಕರ.

ಪ್ರೊಪ್ರನೊಲಾಲ್ ಕೊಟ್ಟರೆ ಎಲ್‌ಎ ಅಲ್ಲದ ಸಾದಾ ಮಾತ್ರೆಯನ್ನೇ, 20 ಎಂಜಿ ದಿನಕ್ಕೆರಡು ಸಲದಿಂದ ಶುರು. ಆಸ್ತಮಾ ಇದ್ದವರಿಗೆ ಇಲ್ಲ. ಸಕ್ಕರೆ ಕುಸಿದಾಗ ಆಗುವ ನಡುಕ, ಎದೆಬಡಿತವನ್ನು ಇದು ಮುಚ್ಚಿಡುತ್ತದೆ. ಬೆವರೊಂದೇ ಉಳಿಯುವ ಗುರುತು. ಕ್ಯಾಂಡೆಸಾರ್ಟನ್ ತೂಕದ ತಂಟೆಗೆ ಹೋಗುವುದಿಲ್ಲ, ಬಿಪಿ ಮೊದಲೇ ಕಡಿಮೆ ಇದ್ದರೆ ಆಗದು, ಬಸುರಿಯರಿಗೂ ಆಗದು.

ಹೊಟ್ಟೆಯನ್ನೇ ಬಳಸದ ದಾರಿಗಳು ಎರಡು. ಎರೆನುಮ್ಯಾಬ್‌ನಂಥ ತಿಂಗಳಿಗೊಂದು ಇಂಜೆಕ್ಷನ್, 70 ಅಥವಾ 140 ಎಂಜಿ. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಮಲಬದ್ಧತೆ ತರುವುದುಂಟು. ತಿಂಗಳಲ್ಲಿ 15 ದಿನಕ್ಕೂ ಮೀರಿ ತಲೆನೋವಿರುವವರಿಗೆ 12 ವಾರಕ್ಕೊಮ್ಮೆ ಬೊಟಾಕ್ಸ್: ಹಣೆ, ಕಣತಲೆ, ಹಿಂದಲೆ, ಕತ್ತು, ಭುಜದ 31 ಕಡೆ ಸಣ್ಣ ಸೂಜಿ. ಖರ್ಚಿನವು, ಆದರೆ ಬೈಪಾಸ್‌ನವರ ಮಟ್ಟಿಗೆ ಲೆಕ್ಕಾಚಾರ ಸುಲಭ.

ಮಾತ್ರೆಗಳಿಂದಲೇ ಬರುವ ತಲೆನೋವೂ ಒಂದಿದೆ. ಟ್ರಿಪ್ಟಾನ್, ಎರ್ಗೊಟಮಿನ್, ಹಲವು ಅಂಶ ಬೆರೆಸಿದ ಮಾತ್ರೆಗಳನ್ನು ತಿಂಗಳಿಗೆ 10 ದಿನ, ಬರೀ ಪ್ಯಾರಾಸಿಟಮಾಲನ್ನು 15 ದಿನ, ಹೀಗೆ ಮೂರು ತಿಂಗಳು ಮೀರಿ ತೆಗೆದುಕೊಂಡರೆ ನೋವು ದಿನನಿತ್ಯದ್ದಾಗುತ್ತದೆ. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಪ್ಯಾರಾಸಿಟಮಾಲ್‌ಗೆ 'ಪ್ಯಾ', ಟ್ರಿಪ್ಟಾನ್‌ಗೆ 'ಟ್ರಿ' ಎಂದು ಬರೆಯಿರಿ. ತಿಂಗಳ ಹಾಳೆ ಮಡಚುವ ಮುಂಚೆ ಎಣಿಸಿ, ಅದನ್ನೇ ಫೋಟೋ ತೆಗೆದು ನ್ಯೂರಾಲಜಿಸ್ಟ್‌ಗೆ ತೋರಿಸಿ.

ಮಾತ್ರೆ ಬಿಟ್ಟು ಆಸ್ಪತ್ರೆಗೆ

ಸಿಡಿಲು ಬಡಿದಂತೆ ಕ್ಷಣದಲ್ಲಿ ತುತ್ತತುದಿಗೇರಿದ ನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲು ಬಲಹೀನ, ಮಾತು ತೊದಲು, ಎರಡೆರಡು ಕಾಣುವುದು: 108ಕ್ಕೆ ಕರೆ ಮಾಡಿ. ಆಪರೇಷನ್ ಆದ ವಾರಗಳಲ್ಲಿ ದಿನದಿಂದ ದಿನಕ್ಕೆ ಏರುತ್ತಲೇ ಹೋಗುವ ತಲೆನೋವು ಮಿದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದಲೂ ಇರಬಹುದು. ನೀರು ಕಡಿಮೆಯಾದವರಿಗೆ, ಗರ್ಭನಿರೋಧಕ ಮಾತ್ರೆ ನುಂಗುವವರಿಗೆ ಈ ಭಯ ಹೆಚ್ಚು. ಎದ್ದು ಕೂತರೆ ಸಿಡಿದು, ಮಲಗಿದರೆ ಮಾಯವಾಗುವ ತಲೆನೋವು ಅರೆತಲೆನೋವಲ್ಲ. ಬೆನ್ನುಹುರಿಯ ದ್ರವ ಸೋರಿ ಒತ್ತಡ ಇಳಿದಾಗ ಹೀಗಾಗುತ್ತದೆ, ತೂಕ ಬಹಳ ಇಳಿದವರಲ್ಲಿ ಇದನ್ನು ಕಂಡಿದ್ದಾರೆ. ಹೊಟ್ಟೆಯ ಮೇಲ್ಭಾಗದಲ್ಲಿ ಉರಿನೋವು, ಡಾಂಬರಿನಂಥ ಕಪ್ಪು ಮಲ ಕಂಡರೆ ಸರ್ಜನ್‌ಗೆ ಅಂದೇ ಫೋನು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ನಿಜ, ಆದರೆ ಅದು ಜಿಗುಟಾಗಿ ನಾರುವುದಿಲ್ಲ.

ಕೌಂಟರ್‌ನಲ್ಲಾಗಲಿ ಕ್ಯಾಶುವಲ್ಟಿಯಲ್ಲಾಗಲಿ ಬರೀ 'ಬೈಪಾಸ್ ಹುವಾ ಹೈ' ಎನ್ನಬೇಡಿ. ಕೇಳಿದವರು ಹೃದಯದ ಬೈಪಾಸ್ ಎಂದುಕೊಳ್ಳುತ್ತಾರೆ. ಆಗ ನಿಮಗೆ ಆಗಬಹುದಾದ ಟ್ರಿಪ್ಟಾನನ್ನು ತಡೆದು, ಆಗದ ಆಸ್ಪಿರಿನ್ನನ್ನು ಕೈಗಿಡುವ ಸಾಧ್ಯತೆ ಇದೆ. 'ಪೇಟ್ ಕಾ ಬೈಪಾಸ್, ವಜನ್ ಕಮ್ ಕರ್ನೇ ಕಾ ಆಪರೇಷನ್' ಎನ್ನಿ. ಮರಾಠಿಯವರಿದ್ದರೆ ಅರೆತಲೆನೋವಿಗೆ 'ಅರ್ಧಶಿಶಿ' ಎಂದರೆ ತಟ್ಟನೆ ತಿಳಿಯುತ್ತದೆ. ಪರ್ಸಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಐದು ಸಾಲು ಸಾಕು: ಆಪರೇಷನ್ ಹೆಸರು ಮತ್ತು ತಾರೀಖು, ಮಾತ್ರೆ, ಇಂಜೆಕ್ಷನ್ ಯಾವ ರೂಪದಲ್ಲೂ ಎನ್‌ಎಸ್‌ಎಐಡಿ (ಐಬುಪ್ರೊಫೆನ್ ಕುಲಕ್ಕೆ ವೈದ್ಯರು ಹೇಳುವ ಹೆಸರು) ಬೇಡ, ಗ್ಲುಕೋಸ್‌ಗೆ ಮುಂಚೆ ಥಯಮಿನ್, ಕೊನೆಯ ಟ್ರಿಪ್ಟಾನ್ ತೆಗೆದುಕೊಂಡ ಹೊತ್ತು ಬರೆಯಲು ಖಾಲಿ ಜಾಗ, ಸರ್ಜನ್ ಫೋನ್ ನಂಬರ್. ಅದರ ಫೋಟೋ ಮನೆಯವರ ಮೊಬೈಲ್‌ನಲ್ಲೂ, ಹೋಟೆಲ್ ಕೆಲಸದವರಾದರೆ ರೂಮಿನ ಜೊತೆಗಾರನ ಮೊಬೈಲ್‌ನಲ್ಲೂ ಇರಲಿ.